ಪತ್ತಾರನ ಹೆಸರಿದ್ದ ಚಿನ್ನದ ಕಾಸು: ಅಪ್ಪನ ಜೊತೆ ಐದು ದಿನ

ಅಪ್ಪ ಐವತ್ತು ವರ್ಷ ಪತ್ತಾರಿಕೆ, ಅಂದರೆ ಅಕ್ಕಸಾಲಿ ಕೆಲಸ ಮಾಡಿದವರು. ನಮ್ಮೂರು ಹಾವೇರಿ ಜಿಲ್ಲೆಯ ಅಕ್ಕಿಆಲೂರು. ಅಲ್ಲಿನ ನೆಲದಲ್ಲಿ ಹಿಂದೆ ಪೂರ್ವ ರೋಮನ್ ದೊರೆಗಳ ಚಿನ್ನದ ನಾಣ್ಯಗಳ ಗಂಟು ಸಿಕ್ಕಿತ್ತು. ಆ ಸುದ್ದಿ ಕೇಳಿದಾಗಿನಿಂದ ಅಪ್ಪನಿಗೆ ಒಂದೇ ಆಸೆ. ಅಂಥ ಹಳೇ ಬಂಗಾರವನ್ನು ಒಮ್ಮೆ ಹತ್ತಿರದಿಂದ ನೋಡಬೇಕು.

ಈ ಸಲ ಅವರು ನನ್ನ ಹತ್ತಿರ ಇಂಗ್ಲೆಂಡಿನ ರೆಡಿಂಗ್‌ಗೆ ಬಂದರು. ಬರೀ ರೋಮನ್ನರದ್ದಲ್ಲ, ಅವರನ್ನು ನೋಡಿ ಜರ್ಮನಿಕ್ ಜನ ಹೊಡೆದ ಕಾಸುಗಳನ್ನೂ ತೋರಿಸೋಣ ಅಂತ ನಾನು ಐದು ದಿನ ರಜೆ ಹಾಕಿದೆ. ವೀಸಾ, ಟಿಕೆಟ್ಟಿನ ಓಡಾಟ ಏನಿತ್ತೋ ಅದೆಲ್ಲ ಮುಗಿದಿತ್ತು. ಇಂಗ್ಲೆಂಡಿನದು ಬೇರೆ, ಫ್ರಾನ್ಸಿನದು ಬೇರೆ ವೀಸಾ. ಎರಡೂ ಕಡೆ ಹೋಗುವವರು ತಿಂಗಳುಗಟ್ಟಲೆ ಮೊದಲೇ ಶುರು ಮಾಡಬೇಕು.

ಶುಕ್ರವಾರ, ಲಂಡನ್

ಬ್ರಿಟಿಷ್ ಮ್ಯೂಸಿಯಂ ಶುಕ್ರವಾರ ರಾತ್ರಿ ಎಂಟೂವರೆವರೆಗೆ ತೆಗೆದಿರುತ್ತದೆ. ಸಂಜೆ ಹೋದರೆ ಶಾಲೆ ಮಕ್ಕಳ ಗದ್ದಲ ಇರುವುದಿಲ್ಲ. ಒಳಗೆ ಹೋಗಲು ದುಡ್ಡು ಕೊಡಬೇಕಿಲ್ಲ.

ಬಾಗಿಲಲ್ಲಿ ಚೀಲ ನೋಡುವ ಕಾವಲಿನವರು ಅಪ್ಪನ ಕೈಚೀಲದಿಂದ ಒಂದು ಕರಿ ಕಲ್ಲು ಎತ್ತಿ ಹಿಡಿದರು. ಒರೆಗಲ್ಲು! ಅದನ್ನು ಅಪ್ಪ ಅಷ್ಟು ದೂರದಿಂದ ತಂದಿದ್ದಾರೆ ಅಂತ ನನಗೂ ಗೊತ್ತಿರಲಿಲ್ಲ. ಚಿನ್ನವನ್ನು ಇದರ ಮೇಲೆ ತಿಕ್ಕಿ, ಗೀರಿನ ಬಣ್ಣ ನೋಡಿ ಬೆರಕೆ ಹೇಳುತ್ತಾರೆ ಎಂದು ವಿವರಿಸಿದೆ. ಅವರು ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದರು. ಅದರ ಮೇಲೆ ಹಳದಿ ಗೀರುಗಳು ಇನ್ನೂ ಇದ್ದವು. ತಮ್ಮ ಅಜ್ಜ ಗಡಿಯಾರ ರಿಪೇರಿ ಮಾಡುತ್ತಿದ್ದರು, ಅವರ ಸಾಮಾನು ಇನ್ನೂ ಮನೆಯಲ್ಲಿವೆ ಎಂದರು. ಕಲ್ಲನ್ನು ಎರಡೂ ಕೈಯಲ್ಲಿ ವಾಪಸ್ ಕೊಟ್ಟರು. ಅಪ್ಪನಿಗೆ ಆ ಕೊಟ್ಟ ರೀತಿ ಬಹಳ ಹಿಡಿಸಿತು.

ನಲವತ್ತೊಂದನೇ ಕೋಣೆಯಲ್ಲಿ ಸಟನ್ ಹೂ ನಿಧಿ ಇದೆ. 1939ರಲ್ಲಿ ಸಫೋಕ್‌ನ ಒಂದು ದಿಬ್ಬದ ಕೆಳಗೆ ಸಿಕ್ಕಿದ ಹಡಗಿನ ಸಮಾಧಿಯದು. ಎಲ್ಲರೂ ಶಿರಸ್ತ್ರಾಣದ ಮುಂದೆ ನಿಂತಿದ್ದರು. ಅಪ್ಪ ನೇರ ಹಣದ ಚೀಲದ ಮುಚ್ಚಳದ ಹತ್ತಿರ ಹೋದರು. ಚೀಲದ ತೊಗಲು ಕೊಳೆತು ಹೋಗಿದೆ. ಚಿನ್ನ ಮತ್ತು ಕೆಂಪು ಗಾರ್ನೆಟ್ ಹರಳುಗಳ ಮುಚ್ಚಳ ಮಾತ್ರ ನಿನ್ನೆ ಮಾಡಿದ ಹಾಗಿದೆ.

ಅಪ್ಪ ಭೂತಗನ್ನಡಿ ತೆಗೆದು ಗಾಜಿಗೆ ಒತ್ತಿ ಹಿಡಿದರು. ಗಾಜು ಮಂಜಾಯಿತು. ಕಾವಲಿನವರು ಬಂದು ಸ್ವಲ್ಪ ಹಿಂದೆ ಸರಿಯಿರಿ ಎಂದು ಮೆತ್ತಗೆ ಹೇಳಿದರು. ಅಪ್ಪ ಒಂದು ಹೆಜ್ಜೆ ಸರಿದರು, ಕಣ್ಣು ಮಾತ್ರ ಅಲ್ಲೇ ಇತ್ತು.

"ಹರಳಿನ ಕೆಳಗ ತಗಡು ಕೂಡಿಸ್ಯಾರ ನೋಡವ್ವಾ. ಬೆಳಕು ಕೆಳಗಿಂದ ತಿರುಗಿ ಬರಲಿ ಅಂತ. ಆ ತಗಡಿಗೂ ಸಣ್ಣ ಚೌಕಳಿ ಒತ್ತ್ಯಾರ."

ಅದು ನಿಜ. ಹರಳುಗಳ ಕೆಳಗೆ ಸಣ್ಣ ಚೌಕಳಿ ಒತ್ತಿದ ಚಿನ್ನದ ತಗಡಿದೆ. ನಾನು ಅದನ್ನು ಓದಿ ತಿಳಿದುಕೊಂಡಿದ್ದೆ. ಅಪ್ಪ ನೋಡಿಯೇ ಹೇಳಿದರು.

ಆ ಚೀಲದೊಳಗೆ 37 ಚಿನ್ನದ ಕಾಸು ಇದ್ದವು. ಒಂದೊಂದೂ ಅಂಗಿ ಗುಂಡಿಯಷ್ಟೇ ಅಗಲ. ಅವುಗಳ ಹೆಸರು ಟ್ರೆಮಿಸಿಸ್. ಎಲ್ಲವೂ ಸಮುದ್ರದಾಚೆಯ ಫ್ರಾಂಕರ ನಾಡಿನಿಂದ ಬಂದವು. ಫ್ರಾಂಕರು ಅಂದರೆ ಈಗಿನ ಫ್ರಾನ್ಸ್ ಕಡೆ ಆಳಿದ ಜರ್ಮನಿಕ್ ಜನ. ವಿಚಿತ್ರ ಅಂದರೆ 37 ಕಾಸು, 37 ಬೇರೆ ಬೇರೆ ಟಂಕಸಾಲೆ. ಒಂದೇ ಊರಿನವು ಎರಡಿಲ್ಲ. ಜೊತೆಗೆ ಅಚ್ಚು ಒತ್ತದ ಮೂರು ಬರಿ ಬಿಲ್ಲೆ, ಎರಡು ಸಣ್ಣ ಚಿನ್ನದ ಗಟ್ಟಿ.

37ಕ್ಕೆ ಮೂರು ಸೇರಿದರೆ ನಲವತ್ತು. ನಾಣ್ಯಗಳನ್ನು ಜೀವನವಿಡೀ ಓದಿದ ಫಿಲಿಪ್ ಗ್ರಿಯರ್ಸನ್ ಇದನ್ನು ಹಡಗಿನ ನಲವತ್ತು ಹುಟ್ಟುಗಾರರ ಕೂಲಿ ಎಂದು ಊಹಿಸಿದ್ದರು. ಸತ್ತ ದೊರೆಯನ್ನು ಆಚೆ ಲೋಕಕ್ಕೆ ದಾಟಿಸುವವರಿಗೆ ತಲಾ ಒಂದು ಕಾಸು. ಗಟ್ಟಿ ಎರಡು ಚುಕ್ಕಾಣಿ ಹಿಡಿದವನಿಗೆ. ಎಲ್ಲರೂ ಇದನ್ನು ಒಪ್ಪುವುದಿಲ್ಲ. ನನಗೆ ಮಾತ್ರ ನಮ್ಮಲ್ಲಿ ಸತ್ತವರ ಬಾಯಲ್ಲಿ ಕಾಸು ಇಡುವುದು ನೆನಪಾಯಿತು.

ಅಪ್ಪ ಬೇರೆಯದನ್ನೇ ಯೋಚಿಸುತ್ತಿದ್ದರು. "ಒಂದೊಂದು ಊರಿಂದ ಒಂದೊಂದು ಆರಿಸಿ ಇಟ್ಟಾರ ಅಂದ್ರ, ಇಟ್ಟಾವ ಹತ್ತಿರ ಇನ್ನೂ ಜಾಸ್ತಿ ಇದ್ದುವು" ಎಂದರು. ಆ ಮಾತು ನನಗೆ ಯಾವ ಊಹೆಗಿಂತಲೂ ಗಟ್ಟಿ ಅನ್ನಿಸಿತು.

ಶನಿವಾರ, ವುಡ್‌ಬ್ರಿಜ್

ಆ ದಿಬ್ಬ ಇರುವ ಜಾಗಕ್ಕೇ ಹೋದೆವು. ಲಂಡನ್ನಿನಿಂದ ಇಪ್ಸ್‌ವಿಚ್, ಅಲ್ಲಿ ರೈಲು ಬದಲಿಸಿ ಮೆಲ್ಟನ್. ಇಪ್ಸ್‌ವಿಚ್‌ನಲ್ಲಿ ಚಹಾ ಕುಡಿಯುತ್ತಾ ಕೂತು ನಮ್ಮ ರೈಲು ತಪ್ಪಿತು. ಆ ದಾರಿಯಲ್ಲಿ ಗಂಟೆಗೊಂದೇ ರೈಲು. ಚಹಾ ಆಮೇಲೆ ಕುಡಿಯಬಹುದಿತ್ತು.

ಕಾಯುವ ಒಂದು ಗಂಟೆ ವ್ಯರ್ಥವಾಗಲಿಲ್ಲ. ಅಲ್ಲೇ ಬೆಂಚಿನ ಮೇಲೆ ಅಪ್ಪನಿಗೆ ಸಾಲಿಡಸ್ ಎಂಬ ಚಿನ್ನದ ನಾಣ್ಯದ ಕಥೆ ಹೇಳಿದೆ.

ರೋಮನ್ ದೊರೆ ಕಾನ್‌ಸ್ಟಂಟೈನ್ ನಾಲ್ಕನೇ ಶತಮಾನದ ಮೊದಲಲ್ಲಿ ಈ ನಾಣ್ಯ ತಂದ. ಒಂದು ರೋಮನ್ ಪೌಂಡ್ ಚಿನ್ನದಲ್ಲಿ 72 ನಾಣ್ಯ. ಒಂದೊಂದು ಸುಮಾರು ನಾಲ್ಕೂವರೆ ಗ್ರಾಂ. ಅದರ ಮೂರನೇ ಒಂದು ಪಾಲೇ ಟ್ರೆಮಿಸಿಸ್. ಪಶ್ಚಿಮದಲ್ಲಿ ರೋಮನ್ ಆಳ್ವಿಕೆ ಬಿದ್ದ ಮೇಲೂ ಗೋತರು, ಬರ್ಗಂಡಿಯನ್ನರು, ಫ್ರಾಂಕರು, ಲೊಂಬಾರ್ಡರು ಎಂಬ ಜರ್ಮನಿಕ್ ಜನ ಅದನ್ನೇ ಹೊಡೆಯುತ್ತಾ ಹೋದರು. ಅದೂ ತಮ್ಮ ಹೆಸರಲ್ಲಲ್ಲ, ಕಾನ್‌ಸ್ಟಾಂಟಿನೋಪಲ್‌ನಲ್ಲಿ ಕೂತ ದೊರೆಯ ಹೆಸರಲ್ಲಿ. ಜನ ಆ ಮುಖವನ್ನೇ ನಂಬುತ್ತಿದ್ದರು. ಫ್ರಾಂಕರ ದೊರೆ ಒಂದನೇ ಥ್ಯೂಡಬರ್ಟ್ (534ರಿಂದ 548ರವರೆಗೆ ಆಳಿದವನು) ಚಿನ್ನದ ಮೇಲೆ ತನ್ನ ಹೆಸರು ಹಾಕಿಸಿದಾಗ ಪೂರ್ವ ರೋಮನ್ ಇತಿಹಾಸಕಾರ ಪ್ರೊಕೋಪಿಯಸ್‌ಗೆ ಸಿಟ್ಟು ಬಂದಿತ್ತು. ಪರ್ಷಿಯಾದ ದೊರೆಗೂ ಇಲ್ಲದ ಹಕ್ಕು ಇವರಿಗೆ ಹೇಗೆ ಬಂತು ಅನ್ನುವುದು ಅವನ ದೂರು.

"ಯಾವ ಯಾವ ದೊರಿ ಹೆಸರು ಹಾಕತಿದ್ರು?" ಎಂದು ಅಪ್ಪ ಕೇಳಿದರು.

ಅನಾಸ್ತಾಸಿಯಸ್, ಜಸ್ಟಿನ್ ಎಂದೆ. ಅಕ್ಕಿಆಲೂರಿನ ಗಂಟಿನಲ್ಲೂ ಅವೇ ಹೆಸರಿದ್ದವು. ಸುಮಾರು 1,500 ವರ್ಷದ ಹಿಂದೆ ಒಬ್ಬನೇ ದೊರೆಯ ಮುಖ ನಮ್ಮೂರಿಗೂ ಬಂದಿತ್ತು, ಫ್ರಾಂಕರ ಅಕ್ಕಸಾಲಿಗಳ ಅಚ್ಚಿಗೂ ಹೋಗಿತ್ತು. ದಕ್ಷಿಣ ಭಾರತದಲ್ಲಿ ಸಿಕ್ಕ ಇಂಥ ನಾಣ್ಯಗಳಲ್ಲಿ ಬಹಳಷ್ಟಕ್ಕೆ ದೊರೆಯ ತಲೆಯ ಮೇಲೆ ಎರಡು ತೂತುಗಳಿವೆ. ಕೊರಳಿಗೆ ಹಾಕಿಕೊಂಡದ್ದು. ಇಂಗ್ಲೆಂಡಿನ ಆಗಿನ ಜನವೂ ಕಾಸಿಗೆ ಕೊಂಡಿ ಬೆಸೆದು ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ನಮ್ಮ ಅಜ್ಜಿಯ ಕಾಸಿನ ಸರ ಮತ್ತೇನು?

ಇನ್ನೊಂದು ಮಾತು ಹೇಳಿದೆ. ಒಂದು ಸಾಲಿಡಸ್ ಅಂದರೆ 24 ಕ್ಯಾರಬ್ ಬೀಜದ ತೂಕ. ಕ್ಯಾರೆಟ್ ಅನ್ನುವ ಮಾತಿನ ಬೇರು ಆ ಬೀಜದಲ್ಲಿದೆ. ಚೊಕ್ಕ ಚಿನ್ನಕ್ಕೆ 24 ಅಂತ ಲೆಕ್ಕ ಬಂದದ್ದೂ ಅಲ್ಲಿಂದಲೇ.

ಅಪ್ಪ ತುಂಬ ಹೊತ್ತು ಸುಮ್ನೆ ಕೂತರು. ದಿನಕ್ಕೆ ನೂರು ಸಲ ಇಪ್ಪತ್ನಾಲ್ಕು, ಇಪ್ಪತ್ತೆರಡು ಎಂದವರು. ಕೊನೆಗೆ ಕೇಳಿದರು, "ನಮ್ಮ ಗುಲಗಂಜಿ ಇದ್ದಂಗ ಅವರಿಗೂ ಒಂದು ಬೀಜ ಇತ್ತು ಅನ್ನು."

ಮೆಲ್ಟನ್‌ನಿಂದ ದಿಬ್ಬಗಳಿಗೆ ನಡೆದೇ ಹೋಗಬಹುದು. ಡೆಬನ್ ನದಿಯ ಸೇತುವೆ ದಾಟಿ ಏರು ಹತ್ತಬೇಕು. ದೂರ ಹೆಚ್ಚಿಲ್ಲ, ಆದರೆ ರಸ್ತೆಯ ಬದಿ ಇಕ್ಕಟ್ಟು, ಕಾರುಗಳು ಜೋರಾಗಿ ಬರುತ್ತವೆ. ವಯಸ್ಸಾದವರಿದ್ದರೆ ಟ್ಯಾಕ್ಸಿ ಹೇಳುವುದು ಒಳ್ಳೆಯದು. ಅರ್ಧ ದಾರಿಗೆ ಮಳೆ ಹಿಡಿಯಿತು. ಗಾಳಿಗೆ ನನ್ನ ಛತ್ರಿ ಮಗುಚಿ ಕಡ್ಡಿ ಮುರಿಯಿತು. ಅಪ್ಪ ತಲೆಗೆ ಟವೆಲ್ ಸುತ್ತಿ ನಡೆದರು.

ಮೇಲೆ ಹುಲ್ಲು, ಜರಿಗಿಡ, ಗಾಳಿ. ದಿಬ್ಬಗಳು ಎತ್ತರವೇನಿಲ್ಲ. ಹೊಲದ ನಡುವೆ ಮಲಗಿದ ಎಮ್ಮೆ ಬೆನ್ನುಗಳ ಹಾಗೆ ಕಾಣುತ್ತವೆ. ಎತ್ತರದಿಂದ ನೋಡಬೇಕಾದರೆ ಅಲ್ಲೊಂದು ಗೋಪುರ ಕಟ್ಟಿದ್ದಾರೆ. ಆ ಜಮೀನಿನ ಒಡತಿ ಎಡಿತ್ ಪ್ರೆಟಿ. ಅಗೆದವರು ಬೇಸಿಲ್ ಬ್ರೌನ್, ಅಲ್ಲಿಯದೇ ಮನುಷ್ಯ, ಹೆಚ್ಚು ಶಾಲೆ ಕಲಿತವರಲ್ಲ. ಹಡಗಿನ ಮರ ಪೂರ್ತಿ ಕರಗಿ ಹೋಗಿತ್ತು. ಮರಳಿನಲ್ಲಿ ಅದರ ಗುರುತು, ಸಾಲು ಸಾಲು ಕಬ್ಬಿಣದ ಮೊಳೆ ಮಾತ್ರ ಇದ್ದವು. ಉದ್ದ 27 ಮೀಟರ್. ಆ ಹುಳಿ ಮಣ್ಣಿನಲ್ಲಿ ಮೂಳೆಯೂ ಉಳಿದಿರಲಿಲ್ಲ. ಚಿನ್ನ ಮಾತ್ರ ಇದ್ದ ಹಾಗೇ ಉಳಿಯಿತು.

ಅಲ್ಲಿ ಸ್ವಯಂಸೇವೆ ಮಾಡುವ ಒಬ್ಬ ಅಜ್ಜಿ ನಮ್ಮ ಒದ್ದೆ ಬಟ್ಟೆ ನೋಡಿ ಒಳಗೆ ಕರೆದು ಕೂರಿಸಿದರು. ನಿಧಿ ಯಾರದ್ದು ಎಂದು ತೀರ್ಮಾನಿಸಲು 1939ರ ಆಗಸ್ಟ್‌ನಲ್ಲಿ ವಿಚಾರಣೆ ನಡೆಯಿತಂತೆ. ಎಡಿತ್ ಪ್ರೆಟಿಯವರದ್ದೇ ಎಂದಾಯಿತು. ಅವರು ಅಷ್ಟನ್ನೂ ಮ್ಯೂಸಿಯಂಗೆ ದಾನ ಕೊಟ್ಟರು. ಕೆಲವೇ ವಾರದಲ್ಲಿ ಯುದ್ಧ ಶುರುವಾಯಿತು. ನಿಧಿಯನ್ನು ಲಂಡನ್ನಿನ ಆಲ್ಡ್‌ವಿಚ್ ಸುರಂಗ ರೈಲಿನ ದಾರಿಯಲ್ಲಿ ಇಟ್ಟು ಕಾಪಾಡಿದರು. ನೆಲದಿಂದ ತೆಗೆದದ್ದನ್ನು ಮತ್ತೆ ನೆಲದೊಳಗೇ ಇಟ್ಟರು ಎಂದು ಆ ಅಜ್ಜಿ ಹೇಳಿದರು.

ನಾವು ಡಬ್ಬಿ ಬಿಚ್ಚಿದೆವು. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಅವರಿಗೂ ಒಂದು ತುಂಡು ಕೊಟ್ಟೆವು. ಅವರು ಚಟ್ನಿಪುಡಿಯನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡರು.

ಸಂಜೆ ವುಡ್‌ಬ್ರಿಜ್ ಊರಿನೊಳಗೆ ನದಿ ದಂಡೆಗೆ ಬಂದೆವು. ಅಲ್ಲಿ ಒಂದು ದೊಡ್ಡ ಶೆಡ್‌ನಲ್ಲಿ ಆ ಹಡಗನ್ನೇ ಅಷ್ಟೇ ಉದ್ದಕ್ಕೆ ಮತ್ತೆ ಕಟ್ಟುತ್ತಿದ್ದಾರೆ. ಓಕ್ ಮರವನ್ನು ಕೊಡಲಿಯಿಂದ ಕೆತ್ತುತ್ತಾರೆ. ಕೆಲಸ ಮಾಡುವವರಲ್ಲಿ ಹೆಚ್ಚಿನವರು ತಲೆ ನೆರೆತವರು. ಅಪ್ಪ ಅಲ್ಲಿ ಒಂದು ಗಂಟೆ ನಿಂತರು. ಒಬ್ಬರೂ ಅವಸರ ಮಾಡುತ್ತಿರಲಿಲ್ಲ.

ಭಾನುವಾರ, ಆಕ್ಸ್‌ಫರ್ಡ್

ರೆಡಿಂಗ್‌ನಿಂದ ಆಕ್ಸ್‌ಫರ್ಡ್ ಅರ್ಧ ಗಂಟೆ. ಅಲ್ಲಿನ ಆಶ್ಮೋಲಿಯನ್ ಮ್ಯೂಸಿಯಂ ಕೂಡ ಉಚಿತ. ನಾವು ಹೋದದ್ದು ಕ್ರೊಂಡಾಲ್ ನಿಧಿಗಾಗಿ.

ಇದು 1828ರಲ್ಲಿ ಹ್ಯಾಂಪ್‌ಷೈರ್‌ನಲ್ಲಿ ಸಿಕ್ಕಿದ್ದು. ಸುಮಾರು ನೂರು ಚಿನ್ನದ ಕಾಸು. ಇದರಲ್ಲಿ ಫ್ರಾಂಕರವು ಸ್ವಲ್ಪ, ಇಂಗ್ಲೆಂಡಿನಲ್ಲೇ ಹೊಡೆದವು ಜಾಸ್ತಿ. ಇಂಗ್ಲಿಷರ ಮೊದಲ ಚಿನ್ನದ ಕಾಸುಗಳ ಬಗ್ಗೆ ನಮಗೆ ಗೊತ್ತಿರುವುದರ ಬಹುಪಾಲು ಈ ಒಂದು ಗಂಟಿನಿಂದ ಬಂದಿದೆ. ಒಂದು ಬಗೆಯ ಕಾಸಿನ ಮೇಲೆ ಲಂಡನ್ನಿನ ಹೆಸರಿದೆ. ಇನ್ನೊಂದು ಬಗೆಯಲ್ಲಿ ವಿಟ್ಮೆನ್ ಎಂಬ ಟಂಕಸಾಲೆಯವನ ಹೆಸರಿದೆ.

ಕೆಂಟ್ ನಾಡಿನ ಹಳೇ ಕಾನೂನಿನಲ್ಲಿ ಒಬ್ಬ ಸಾಮಾನ್ಯ ಸ್ವತಂತ್ರ ಮನುಷ್ಯನನ್ನು ಕೊಂದರೆ ನೂರು ಷಿಲ್ಲಿಂಗ್ ಪರಿಹಾರ ಕೊಡಬೇಕಿತ್ತು. ಆಗ ಷಿಲ್ಲಿಂಗ್ ಅಂದರೆ ಇಂಥದ್ದೇ ಒಂದು ಚಿನ್ನದ ಕಾಸು. ಹಾಗಾಗಿ ಈ ಗಂಟು ಒಂದು ಜೀವದ ಬೆಲೆಯಿರಬಹುದೇ ಎಂದು ಕೆಲವು ವಿದ್ವಾಂಸರು ಕೇಳಿದ್ದಾರೆ.

ಅಪ್ಪ ಕಿಸೆಯಿಂದ ಸಣ್ಣ ಪುಸ್ತಕ ತೆಗೆದು ಲೆಕ್ಕ ಹಾಕಿದರು. ಕಾಸಿಗೆ 1.3 ಗ್ರಾಂ. ಅಂದರೆ ಹನ್ನೊಂದು ಗುಂಜಿಗೆ ಹತ್ತಿರ. ನೂರಕ್ಕೆ 130 ಗ್ರಾಂ. "ಹನ್ನೊಂದು ತೊಲಿ" ಎಂದರು. ಆಮೇಲೆ, "ಒಬ್ಬ ಮನುಷ್ಯಾಗ ಹನ್ನೊಂದು ತೊಲಿ" ಎಂದು ಮತ್ತೊಮ್ಮೆ ತಮಗೇ ಹೇಳಿಕೊಂಡರು.

ಇಷ್ಟು ಹೊತ್ತಿಗೆ ಅವರಿಗೆ ಬಣ್ಣದ ಫರಕು ಕಣ್ಣಿಗೆ ಬಿದ್ದಿತ್ತು. ಕೆಲವು ಕಾಸು ಹಳದಿ, ಕೆಲವು ಮಾಸಲು. "ಇದು ಬೆಳ್ಳಿ ಕುಡದೈತಿ" ಎಂದರು. ಹೌದು, ಏಳನೇ ಶತಮಾನದಲ್ಲಿ ಕಾಸಿನೊಳಗಿನ ಚಿನ್ನ ಕಡಿಮೆಯಾಗುತ್ತಾ ಹೋಯಿತು. ಪೂರ್ವದಿಂದ ಹೊಸ ಬಂಗಾರ ಬರುವುದು ಕಡಿಮೆಯಾಯಿತು. ಇದ್ದುದಕ್ಕೇ ಬೆಳ್ಳಿ ಬೆರೆಸಿದರು. ಸುಮಾರು 670ರ ಹೊತ್ತಿಗೆ ಫ್ರಾಂಕರೂ ಇಂಗ್ಲಿಷರೂ ಚಿನ್ನ ಬಿಟ್ಟು ಬೆಳ್ಳಿ ಕಾಸು ಹೊಡೆಯತೊಡಗಿದರು. ಬೆರಕೆ ಎಷ್ಟಿದೆ ಎಂದು ಗೊತ್ತಾದರೆ ಕಾಸು ಯಾವ ಕಾಲದ್ದು ಎಂದು ಅಂದಾಜು ಮಾಡಬಹುದು. ಸಟನ್ ಹೂ ಕಾಸುಗಳ ವಯಸ್ಸು ಹೇಳಲು ಈ ದಾರಿಯನ್ನೂ ಹಿಡಿದರು.

"ಒರಿಗೆ ಹಚ್ಚಿದ್ರೇನು?"

ಇಲ್ಲ, ಗೀರು ಬೀಳುತ್ತದೆ. ಗಾಳಿಯಲ್ಲಿ ಒಮ್ಮೆ, ನೀರಿನಂಥ ದ್ರವದಲ್ಲಿ ಮುಳುಗಿಸಿ ಒಮ್ಮೆ ತೂಗಿದರು ಎಂದೆ. ಅಪ್ಪನ ಮುಖ ಅರಳಿತು. ಅವರಿಗೂ ಆ ಲೆಕ್ಕ ಗೊತ್ತು.

ಅದೇ ಮ್ಯೂಸಿಯಂನಲ್ಲಿ ಹಳೇ ಇಂಗ್ಲಿಷ್ ದೊರೆ ಆಲ್ಫ್ರೆಡ್‌ನದೆನ್ನುವ ಆಭರಣವಿದೆ. ಚಿನ್ನದ ಜಾಲರಿ, ಒಳಗೆ ಬಣ್ಣದ ಮೀನಾಕಾರಿ, ಮೇಲೆ ಸ್ಫಟಿಕ. ಅಂಚಿನಲ್ಲಿ ಅಕ್ಷರಗಳಿವೆ: ಆಲ್ಫ್ರೆಡ್ ನನ್ನನ್ನು ಮಾಡಿಸಿದ. ಓದಿ ಹೇಳಿದೆ.

"ಮಾಡಿಸಿದವನ ಹೆಸರೈತಿ. ಮಾಡಿದಾವನು?"

ಇಲ್ಲ. ಎಲ್ಲೂ ಇಲ್ಲ. ಆಗ ನಾನು ಒಂದು ಮಾತು ಹೇಳಿದೆ. ಅದು ನಮ್ಮ ಮುಂದಿನ ಎರಡು ದಿನವನ್ನೇ ತಿರುಗಿಸಿತು. ಫ್ರಾಂಕರ ಕಾಸುಗಳಲ್ಲಿ ಹೆಚ್ಚಿನವುಗಳ ಮೇಲೆ ದೊರೆಯ ಹೆಸರಿಲ್ಲ. ಒಂದು ಕಡೆ ಊರಿನ ಹೆಸರು, ಇನ್ನೊಂದು ಕಡೆ ಆ ಕಾಸಿಗೆ ಹೊಣೆಯಾದ ಟಂಕಸಾಲೆಯವನ ಹೆಸರು. ಅವರಲ್ಲಿ ಅಕ್ಕಸಾಲಿಗಳೂ ಇದ್ದರು. ತೂಕ, ಒರೆ ಸರಿ ಇದೆ ಎಂದು ಅವರು ತಮ್ಮ ಹೆಸರನ್ನೇ ಒತ್ತುತ್ತಿದ್ದರು.

ಅಪ್ಪ ಆ ಕಾಸುಗಳ ಹತ್ತಿರ ವಾಪಸ್ ಹೋದರು. ಮ್ಯೂಸಿಯಂ ಮುಚ್ಚುವ ಗಂಟೆ ಹೊಡೆಯುವವರೆಗೆ ಅಲ್ಲೇ ಇದ್ದರು.

ಸೋಮವಾರ, ದಾರಿಯಲ್ಲಿ

ಲಂಡನ್ನಿನಿಂದ ಪ್ಯಾರಿಸ್‌ಗೆ ಸಮುದ್ರದ ಕೆಳಗಿನ ರೈಲು, ಎರಡೂಕಾಲು ಗಂಟೆ ಚಿಲ್ಲರೆ. ನಾವು ನೋಡಬೇಕಾದ ಮ್ಯೂಸಿಯಂಗೆ ಸೋಮವಾರ ರಜೆ, ಅದನ್ನು ಮೊದಲೇ ನೋಡಿಕೊಂಡಿದ್ದೆ. ಹೋಟೆಲ್ ಸಣ್ಣದು, ಲಿಫ್ಟ್ ಕೆಟ್ಟಿತ್ತು. ಐದನೇ ಮಹಡಿಗೆ ಅಪ್ಪ ಎರಡು ಕಡೆ ನಿಂತು ಹತ್ತಿದರು. ರಾತ್ರಿ ಬಿಸಿ ಬ್ರೆಡ್ಡಿಗೆ ಚಟ್ನಿಪುಡಿ ಹಾಕಿ ತಿಂದೆವು. ಅಲ್ಲಿನ ಬ್ರೆಡ್ಡಿಗೆ ಅದು ಬಹಳ ಚೆನ್ನಾಗಿ ಹೊಂದುತ್ತದೆ.

ಮಂಗಳವಾರ, ಪ್ಯಾರಿಸ್

ರಿಶೆಲ್ಯೂ ರಸ್ತೆಯಲ್ಲಿ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಹಳೇ ಕಟ್ಟಡವಿದೆ. ಅದರೊಳಗಿನ ಮ್ಯೂಸಿಯಂ ಬಹಳ ಜನ ಹೋಗದ ಜಾಗ. ಲೂವ್ರ್ ಹತ್ತಿರದಲ್ಲೇ ಇದ್ದರೂ ಆ ನೂಕುನುಗ್ಗಲು ಇಲ್ಲಿಲ್ಲ.

ಇಲ್ಲಿ ಎರಡು ಸಣ್ಣ ಚಿನ್ನದ ಜೇನುಹುಳುಗಳಿವೆ. ರೆಕ್ಕೆಯಲ್ಲಿ ಗಾರ್ನೆಟ್. ಫ್ರಾಂಕರ ದೊರೆ ಚಿಲ್ಡೆರಿಕ್ 481ರ ಸುಮಾರಿಗೆ ಸತ್ತ. ಅವನ ಸಮಾಧಿ 1653ರಲ್ಲಿ ಈಗಿನ ಬೆಲ್ಜಿಯಂನ ಟೂರ್ನೆ ಊರಿನಲ್ಲಿ ಸಿಕ್ಕಿತು. ನೂರಕ್ಕೂ ಹೆಚ್ಚು ಸಾಲಿಡಸ್, ಮುದ್ರೆಯುಂಗುರ, ಕತ್ತಿ, ಸುಮಾರು 300 ಜೇನುಹುಳು ಇದ್ದವು. ಆ ಕಾಲದ ಫ್ರಾಂಕರ ಒಡವೆಗಳ ಕೆಂಪು ಹರಳುಗಳಲ್ಲಿ ಬಹಳಷ್ಟು ಭಾರತದವು ಎಂದು ಪರೀಕ್ಷೆಗಳು ತೋರಿಸಿವೆ. 1831ರಲ್ಲಿ, ಈ ನಿಧಿ ಬಂದು ಸೇರಿದ್ದ ಪ್ಯಾರಿಸ್‌ನ ಗ್ರಂಥಾಲಯಕ್ಕೆ ಕಳ್ಳರು ನುಗ್ಗಿದರು. ಚಿನ್ನದಲ್ಲಿ ಹೆಚ್ಚಿನದನ್ನು ಕರಗಿಸಿಬಿಟ್ಟರು. ಸ್ವಲ್ಪ ಸಾಮಾನು ಸೀನ್ ನದಿಯೊಳಗೆ ಸಿಕ್ಕಿತು. ಅಷ್ಟು ಹುಳುಗಳಲ್ಲಿ ಉಳಿದದ್ದು ಇವೆರಡು.

ಅಪ್ಪ ಗಾಜಿನ ಮುಂದೆ ಮಾತಾಡಲಿಲ್ಲ. ಹೊರಗೆ ಬೆಂಚಿಗೆ ಬಂದು ಕೂತ ಮೇಲೆ ಹೇಳಿದರು.

"ನಾನೂ ಕರಗಸೀನವ್ವಾ. ಮುದುಕ್ಯಾರ ಬೋರಮಾಳ, ಕಾಸಿನ ಸರ, ಎಷ್ಟು ತಂದು ಕೊಟ್ರು. ಹೊಸಾದು ಮಾಡು ಅಂತಿದ್ರು. ಮೂಸಿಯೊಳಗ ಹಾಕೂ ಮುಂದ ಒಮ್ಮೊಮ್ಮೆ ಕೈ ನಿಲ್ತಿತ್ತು."

ನಾನು ಅವರ ಕೈ ಹಿಡಿದುಕೊಂಡೆ. ಬೆಂಕಿಗೆ ಗಟ್ಟಿಯಾದ ಬೆರಳುಗಳು. ನನ್ನ ಓದಿನ ಫೀಸು ಕಟ್ಟಿದ ಕೈ.

ಮತ್ತೆ ಒಳಗೆ ಹೋದೆವು. ಫ್ರಾಂಕರ ದೊರೆ ಡಾಗೊಬರ್ಟ್‌ನದೆನ್ನುವ ಕಂಚಿನ ಸಿಂಹಾಸನ ಅಲ್ಲಿದೆ. ಕಾಲುಗಳು ಸಿಂಹ ಜಾತಿಯ ಪ್ರಾಣಿಯವು. ನೆಪೋಲಿಯನ್ 1804ರಲ್ಲಿ ಇದರ ಮೇಲೆ ಕೂತು ಪದಕ ಹಂಚಿದ್ದ. ಜನ ಇದನ್ನು ಎಲಿಜಿಯಸ್ ಎಂಬ ಅಕ್ಕಸಾಲಿಯ ಹೆಸರಿಗೆ ಗಂಟು ಹಾಕುತ್ತಾರೆ. ಅಪ್ಪನಿಗೆ ಹೇಳಬೇಕೆಂದು ನಾನು ಕೊನೆಗೆ ಇಟ್ಟುಕೊಂಡಿದ್ದ ಕಥೆ ಇವನದೇ.

ಎಲಿಜಿಯಸ್ ಹುಟ್ಟಿದ್ದು 588ರ ಸುಮಾರಿಗೆ, ಲಿಮೋಜ್ ಊರಿನ ಹತ್ತಿರ. ಅಬ್ಬೊ ಎಂಬ ಟಂಕಸಾಲೆಯ ಅಕ್ಕಸಾಲಿಯ ಕೈಕೆಳಗೆ ಕೆಲಸ ಕಲಿತ. ದೊರೆ ಎರಡನೇ ಕ್ಲೋಟಾರ್ ಅವನಿಗೆ ಚಿನ್ನ ತೂಗಿ ಕೊಟ್ಟು ಒಂದು ಪೀಠ ಮಾಡು ಎಂದ. ಅವನು ಅದೇ ಚಿನ್ನದಲ್ಲಿ ಎರಡು ಪೀಠ ಮಾಡಿ ತಂದಿಟ್ಟ. ತೂಕದಲ್ಲಿ ಗುಂಜಿಯಷ್ಟೂ ಕಡಿಮೆಯಿಲ್ಲ. ಅವನ ಗೆಳೆಯ ಬರೆದ ಚರಿತ್ರೆಯಲ್ಲಿ ಈ ಕಥೆಯಿದೆ. ಮುಂದೆ ಅವನು ದೊರೆಗಳಿಗೆ ಕಾಸು ಹೊಡೆದ, 641ರಲ್ಲಿ ಬಿಷಪ್ ಆದ. ಈಗಲೂ ಆ ಕಡೆಯ ಅಕ್ಕಸಾಲಿಗಳಿಗೆ ಅವನೇ ಕಾಯುವ ಸಂತ.

ನಮ್ಮಲ್ಲಿ ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅನ್ನುವ ಗಾದೆ ಇದೆ. ಶಾಲೆಯಲ್ಲಿ ನನ್ನ ಮುಂದೆ ಇದನ್ನು ಹೇಳಿದವರಿದ್ದರು. ಮನೆಗೆ ಬಂದು ಅತ್ತಿದ್ದೆ. ಅಪ್ಪನ ಮುಂದೆಯೇ ಗಿರಾಕಿಗಳು ನಕ್ಕು ಹೇಳಿದ್ದನ್ನೂ ಕೇಳಿದ್ದೇನೆ. ಅಪ್ಪ ತಲೆ ಬಗ್ಗಿಸಿ ತಕ್ಕಡಿ ನೋಡುತ್ತಿದ್ದರು.

"ಎರಡು ಮಾಡಿದ್ನಾ?" ಅಪ್ಪ ಕೇಳಿದರು. "ಒಂದರ ಬಂಗಾರದಾಗ?"

ಹೂಂ ಅಪ್ಪಾ, ಎರಡು.

ಸಂಜೆ ಸೀನ್ ನದಿಯ ನಡುಗಡ್ಡೆಗೆ ನಡೆದೆವು. ಅಲ್ಲಿ ನದಿ ದಂಡೆಯ ಒಂದು ರಸ್ತೆಯ ಹೆಸರೇ ಅಕ್ಕಸಾಲಿಗರ ದಂಡೆ, ಕೇ ದೆಜೊರ್ಫೆವ್ರ್. ಈಗ ಒಂದು ಕುಲುಮೆಯೂ ಇಲ್ಲ. ಗೋಡೆಯ ನೀಲಿ ಫಲಕದಲ್ಲಿ ಹೆಸರಿದೆ. ಹಳೇ ಪುಸ್ತಕ ಮಾರುವ ಒಬ್ಬ ಹೆಂಗಸು ಅಪ್ಪ ಫಲಕದ ಕೆಳಗೆ ನಿಂತದ್ದು ನೋಡಿ ಏನು ಎಂದು ವಿಚಾರಿಸಿದರು. ಇವರು ಅಕ್ಕಸಾಲಿ ಎಂದೆ. ಸಂತ ಎಲ್ವಾ ಗೊತ್ತೇ ಎಂದು ಕೇಳಿದರು, ಅವರ ಭಾಷೆಯಲ್ಲಿ ಎಲಿಜಿಯಸ್‌ಗೆ ಹಾಗನ್ನುತ್ತಾರೆ. ಅಲ್ಲಿನ ಮಕ್ಕಳು ಡಾಗೊಬರ್ಟ್ ಮತ್ತು ಎಲ್ವಾ ಬಗ್ಗೆ ಹಾಡುವ ಪದವನ್ನು ಎರಡು ಸಾಲು ಹಾಡಿ ತೋರಿಸಿದರು. ಅಪ್ಪ ತಾಳ ಹಾಕಿದರು.

ಕಲ್ಲು ಕಟ್ಟೆಯ ಮೇಲೆ ಕೂತೆವು. ಎಲಿಜಿಯಸ್ ತನ್ನ ಹೆಸರು ಒತ್ತಿದ ಕಾಸುಗಳು ಇನ್ನೂ ಉಳಿದಿವೆ. ಒಂದರ ಚಿತ್ರವನ್ನು ಫೋನಿನಲ್ಲಿ ದೊಡ್ಡದು ಮಾಡಿ ತೋರಿಸಿದೆ. ನಡುವೆ ಶಿಲುಬೆ, ಅದರ ಬದಿಗೆ ಅಕ್ಷರಗಳು. ಅಪ್ಪ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿಸಿಕೊಂಡರು. ಆಮೇಲೆ ಸಣ್ಣ ಪುಸ್ತಕ ತೆಗೆದು, ಹನ್ನೊಂದು ತೊಲಿ ಲೆಕ್ಕದ ಕೆಳಗೆ ಕನ್ನಡದಲ್ಲಿ ದಪ್ಪಗೆ ಬರೆದುಕೊಂಡರು: ಎಲಿಗಿ, ಪತ್ತಾರ.